ಪೇಂಟರಣ್ಣನ ಹಳದಿ ಮುಖವಾಡ

ಒಂದು ಕಾಲಕ್ಕೆ ಸಾಗರದ ಪೇಟೆಯಲ್ಲಿ ಎತ್ತ ತಿರುಗಿದರೂ ಅವರ ಅಕ್ಷರವೇ ಕಾಣುತ್ತಿತ್ತು. ಬಟ್ಟೆ ಅಂಗಡಿಯ ಬೋರ್ಡು, ಡಾಕ್ಟರ ಹೆಸರು, ಬಸ್ಸಿನ ಹಣೆಬರಹ, 'ಇಲ್ಲಿ ಉಗುಳಬೇಡಿ', ಎಲೆಕ್ಷನ್ ಬಂದರೆ ಒಂದೇ ಗೋಡೆಯ ಎರಡು ಬದಿಗೆ ಎರಡು ಪಾರ್ಟಿಯ ಚಿಹ್ನೆ. ಊರಿನವರೆಲ್ಲರ ಹೆಸರು ಬರೆದ ಮನುಷ್ಯ ತನ್ನ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಬೇರೆ ಪೇಂಟರುಗಳು ಬೋರ್ಡಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಾದರೂ ತಮ್ಮ ಹೆಸರು ತುರುಕುತ್ತಿದ್ದರು. ಇವರನ್ನು ಕೇಳಿದರೆ, "ಲಗ್ನಪತ್ರಿಕೇಲಿ ಅಡುಗೆಭಟ್ರ ಹೆಸ್ರು ಹಾಕ್ತಾರಾ?" ಅನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಹಾಕುವುದಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಪೇಂಟರಣ್ಣ.

ನಮ್ಮ ಮನೆಯ ಮುಂದೆ ರಸ್ತೆಗೆ ಮುಖ ಮಾಡಿ ಮೂರು ಅಂಗಡಿ ಮಳಿಗೆಗಳಿದ್ದವು. ಮೂರೂ ಅಪ್ಪಯ್ಯನವೇ. ಮೊದಲನೆಯದರಲ್ಲಿ ಪೇಂಟರಣ್ಣ, ಎರಡನೆಯದರಲ್ಲಿ ಕ್ಷೌರದಂಗಡಿ, ಮೂರನೆಯದರಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿ. ನಾನು ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ಎಪ್ಪತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಈ ಮೂರೂ ಮಳಿಗೆಗಳ ಸುದ್ದಿ ನಮ್ಮ ಅಡುಗೆಮನೆಗೆ ಬಾರದೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಗಂಧದ ಕೆತ್ತನೆಗೆ ಹೆಸರಾದ ಊರು ನಮ್ಮದು. ಕೆತ್ತುವವರ ಊರಿನಲ್ಲಿ ಬಣ್ಣ ಬಳಿಯುವವನಿಗೆ ಎರಡನೇ ಪಂಕ್ತಿ. ಪೇಂಟರಣ್ಣನಿಗೆ ಅದರಿಂದ ಒಂದಿಷ್ಟೂ ಬೇಸರವಿರಲಿಲ್ಲ. "ಅವ್ರು ಮಾಡಿದ್ದು ಫಾರಿನ್ನಿಗೆ ಹೋಗುತ್ತೆ. ನಂದು ಇಲ್ಲೇ ಇರುತ್ತೆ, ದನ ಮೈ ಉಜ್ಜುತ್ತೆ," ಎಂದು ನಗುತ್ತಿದ್ದರು. ಕಿವಿಯ ಮೇಲೆ ಒಂದು ಬ್ರಷ್ಷು, ಕೈಯಲ್ಲೊಂದು, ಹುಡುಕುತ್ತಿರುವುದು ಮೂರನೆಯದನ್ನು. ಕೆನ್ನೆಯ ಮೇಲೆ ಯಾವುದಾದರೂ ಒಂದು ಬಣ್ಣ ಇದ್ದೇ ಇರುತ್ತಿತ್ತು. ಅದನ್ನು ನೋಡಿ ಅಂದು ಯಾರ ಬೋರ್ಡು ನಡೆಯುತ್ತಿದೆ ಎಂದು ಹೇಳಬಹುದಿತ್ತು. ಹೋಟೆಲಿನ ಬೋರ್ಡು ಬರೆಯುವ ಮೊದಲು ಆ ಹೋಟೆಲಿನ ಕಾಫಿ ಕುಡಿಯಲೇಬೇಕು. ಕಾಫಿ ಚೆನ್ನಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೋರ್ಡಿನಲ್ಲಿ 'ಉತ್ತಮ' ಎಂಬ ಮಾತು ಸ್ವಲ್ಪ ಸಣ್ಣದಾಗುತ್ತಿತ್ತು ಅಷ್ಟೆ.

ಅವರಿಗೊಂದು ದೊಡ್ಡ ಕೊರತೆಯಿತ್ತು. ನೋಡದ ಮುಖ ಬರೆಯಲು ಬರುತ್ತಿರಲಿಲ್ಲ. ಒಮ್ಮೆ ಸಂಗೀತ ಶಾಲೆಯವರು ಪರದೆಯ ಮೇಲೆ ಶಾರದೆಯನ್ನು ಬರೆಸಿದರು. ವೀಣೆ, ನವಿಲು ಎಲ್ಲ ಕಣ್ಣಿಗೆ ಕಟ್ಟುವ ಹಾಗಿದ್ದವು. ಮುಖ ಮಾತ್ರ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನದು. ಅವರ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡವರೆಲ್ಲ ಆ ಪರದೆಗೆ ಉಳಿದವರಿಗಿಂತ ಹೆಚ್ಚು ಭಯಭಕ್ತಿಯಿಂದ ಕೈಮುಗಿದರು. "ಎಂತ ಮಾಡ್ಲಿ ಮಾರಾಯ್ತಿ, ದೇವ್ರು ನಮ್ಮಂಗಡಿ ಮುಂದೆ ಹಾದುಹೋದ್ರೆ ನೋಡಿ ಬರೀಬಹುದಿತ್ತು," ಎಂದರು ನನಗೆ.

ಅವರ ಇನ್ನೊಂದು ಹುಚ್ಚು ಪತ್ತೇದಾರಿ ಕಾದಂಬರಿ. ಬಣ್ಣ ಒಣಗುವ ತನಕ ಓದು, ಓದು ಮುಗಿಯುವ ತನಕ ಬಣ್ಣ ಒಣಗುತ್ತಲೇ ಇರುತ್ತಿತ್ತು. ಆ ಲೈಬ್ರರಿಯ ಪುಸ್ತಕಗಳಿಗೆ ಒಂದು ರೋಗವಿತ್ತು. ಮೊದಲು ಓದಿದ ಪುಣ್ಯಾತ್ಮರು ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ 'ಕೊಲೆ ಮಾಡಿದ್ದು ಅಡುಗೆಯವನು' ಎಂದು ಬರೆದಿಡುತ್ತಿದ್ದರು. ಉಂಡೂ ಹೋದ, ಕೊಂಡೂ ಹೋದ ಎನ್ನುವ ಹಾಗೆ! ಬೈಗುಳ ಬಾರದ ಪೇಂಟರಣ್ಣ ಬೈಯುತ್ತಿದ್ದದ್ದು ಈ ಪೆನ್ಸಿಲಿನವರನ್ನು ಮಾತ್ರ. "ಕೊಲೆ ಮಾಡ್ದವ್ನಿಗೆ ಕ್ಷಮೆ ಇದೆ. ಈ ಬರ್ದವ್ನಿಗೆ ಇಲ್ಲ."

ಆಗ ಎರಡು ಪತ್ತೇದಾರಿ ಮಾಲೆಗಳು ಬರುತ್ತಿದ್ದವು. ಒಂದರ ನಾಯಕ ಪತ್ತೇದಾರ ನಾಗಭೂಷಣ. ಕೊಡೆ ಹಿಡಿದು, ನಶ್ಯ ಏರಿಸಿ, ಬೆತ್ತದ ಕುರ್ಚಿಯಿಂದ ಏಳದೆ ಕಳ್ಳನನ್ನು ಹಿಡಿಯುವವನು. ಇನ್ನೊಬ್ಬ ಕರಿಮುಸುಕು. ಅವನು ಕೂತದ್ದನ್ನು ಕಂಡವರಿಲ್ಲ, ಒಂದು ಮನೆಯ ಮಾಡಿನಿಂದ ಇನ್ನೊಂದರ ಮಾಡಿಗೆ ಹಾರುವುದೇ ಅವನ ನಡಿಗೆ. ಸಾಗರದವರಿಗೆ ನಾಗಭೂಷಣ ಎಂದರೆ ಪ್ರಾಣ. ತೀರ್ಥಹಳ್ಳಿಯವರು ಕರಿಮುಸುಕಿನ ಕಡೆ. ಈ ಎರಡು ಊರುಗಳ ನಡುವೆ ಹೊಸನಗರ, ಕೋಣಂದೂರಿನ ಮೇಲೆ ಓಡಾಡುವ ಖಾಸಗಿ ಬಸ್ಸೊಂದರ ಕಂಡಕ್ಟರು ನಮ್ಮ ಕ್ಷೌರದಂಗಡಿಗೆ ಬಂದಾಗಲೆಲ್ಲ ಈ ಜಗಳ ಹೊತ್ತುಕೊಂಡು ಬರುತ್ತಿದ್ದ. "ನಿಮ್ಮ ನಾಗಭೂಷಣಂಗೆ ಓಡಕ್ಕೆ ಬರಲ್ಲ ಅಂತ ತೀರ್ಥಹಳ್ಳಿ ಟೈಲರಂಗಡೀಲಿ ಹೇಳ್ತಾರೆ ಪೇಂಟ್ರಣ್ಣ." "ತಲೆ ಇದ್ದವ್ನು ಯಾಕೆ ಓಡ್ಬೇಕು ಅಂತ ಹೋಗಿ ಹೇಳು."

ಇಬ್ಬರನ್ನೂ ಒಂದೇ ಕಥೆಗೆ ತಂದರೆ ಹೇಗೆ ಎಂದು ಮೊದಲು ಹೇಳಿದ್ದು ಯಾರೋ ನೆನಪಿಲ್ಲ. ಹಚ್ಚಿಕೊಂಡದ್ದು ಪೇಂಟರಣ್ಣ. ಡ್ರಾಯಿಂಗ್ ಹಾಳೆಗಳನ್ನು ಮಡಚಿ, ಗೋಣಿದಾರದಲ್ಲಿ ಹೊಲಿದು, ಚೌಕ ಚೌಕವಾಗಿ ಚಿತ್ರ ಬರೆದು, ತಿಂಗಳಿಗೊಂದು ಚಿತ್ರಕಥೆ ಮಾಡತೊಡಗಿದರು. ಇದ್ದದ್ದು ಒಂದೇ ಪ್ರತಿ. ಒಂದು ವಾರ ನಮ್ಮ ಕ್ಷೌರದಂಗಡಿಯಲ್ಲಿ, ಒಂದು ವಾರ ಹೊಸನಗರದ ಹೋಟೆಲಿನಲ್ಲಿ, ಒಂದು ವಾರ ತೀರ್ಥಹಳ್ಳಿಯ ಟೈಲರಂಗಡಿಯಲ್ಲಿ. ಕಂಡಕ್ಟರು ಅದನ್ನು ಟಿಕೇಟಿನ ಚೀಲದಲ್ಲಿಟ್ಟು ಒಯ್ಯುತ್ತಿದ್ದ. ಕೊನೆ ಹೇಗೆ ಎಂದು ಕೇಳಿದರೆ ಪೇಂಟರಣ್ಣ, "ನಂಗೇ ಗೊತ್ತಿಲ್ಲ. ಬರೆಯೋನಿಗೇ ಗೊತ್ತಿಲ್ಲದಿದ್ದನ್ನ ಯಾವ ಪೆನ್ಸಿಲ್ ಹೇಳುತ್ತೆ?" ಎಂದು ಹಿಗ್ಗುತ್ತಿದ್ದರು.

ಮೊದಲ ಸಂಚಿಕೆಯಲ್ಲಿ ಇಬ್ಬರು ವೀರರೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದು, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಪರಸ್ಪರ ಬೇಡಿ ತೊಡಿಸಿಕೊಂಡು ಬೀಗದಕೈ ಕಳೆದುಕೊಳ್ಳುತ್ತಾರೆ. ಹೊಸನಗರವೇ ಯಾಕೆಂದರೆ ಯಾರೂ ಇನ್ನೊಬ್ಬರ ಊರಿಗೆ ಬಂದು ಸೋತ ಹಾಗಾಗಬಾರದು. ನಾಗಭೂಷಣನಿಗೆ ನಮ್ಮ ಪೋಸ್ಟಾಫೀಸಿನ ಗುಮಾಸ್ತರ ಮುಖ. ಕರಿಮುಸುಕಿಗೆ ಕಾಣುವುದು ಗಲ್ಲ ಮಾತ್ರ, ಅದು ಆಸ್ಪತ್ರೆಯ ಕಾಂಪೌಂಡರದು. ಇಬ್ಬರ ಕಿವಿ ಹಿಂಡಿ ಬುದ್ಧಿ ಹೇಳಲು ಎರಡನೇ ಸಂಚಿಕೆಯಲ್ಲಿ ಒಬ್ಬ ಲೇಡಿ ಡಿಟೆಕ್ಟಿವ್ ಬಂದಳು, ಮಿಸ್ ವಜ್ರ. ಎರಡು ಜಡೆ, ಬಲಗೈಯಲ್ಲಿ ಪಿಸ್ತೂಲು, ಮುಖ ನನ್ನದು.

ನನ್ನನ್ನು ಕೇಳಿಯೇ ಬರೆದಿದ್ದರು. "ತಂಗಿ, ನಿನ್ನ ಮುಖ ಬೇಕಿತ್ತು. ದಿನಾ ಕಿಟಕೀಲಿ ನಿಂತು ಊರೋರ ಮೇಲೆ ಕಣ್ಣಿಡ್ತೀಯಲ್ಲ, ಡಿಟೆಕ್ಟಿವಿಗೆ ಸರಿಯಾಗಿದೆ." ನಾನು ಒಂದು ದಿನ ಕೋಪಿಸಿಕೊಂಡು ಮರುದಿನ ಒಪ್ಪಿದೆ. ಲಾರಿಯ ಮೇಲೆ ಹಾರಿದಾಗಲೂ ಸೀರೆಯ ನೆರಿಗೆ ಕೆಡಬಾರದು ಎಂಬುದು ನನ್ನ ಒಂದೇ ಷರತ್ತು. ಅವರು ಕೊನೆಯವರೆಗೂ ಅದನ್ನು ಪಾಲಿಸಿದರು.

ಖಳನಾಯಕ ಹಳದಿ ಮುಖವಾಡದವನು. ಅವನು ವಜ್ರ ವೈಡೂರ್ಯ ಕದಿಯುತ್ತಿರಲಿಲ್ಲ. "ವಜ್ರ ಹೋದ್ರೆ ನಮ್ಮೂರಲ್ಲಿ ಯಾರ ಹೊಟ್ಟೆ ಉರಿಯುತ್ತೆ? ಅಡಿಕೆ ಕದೀಲಿ," ಎಂದು ಪೇಂಟರಣ್ಣ ತೀರ್ಮಾನಿಸಿದ್ದರು. ಮಂಡಿಯಿಂದ ಕದ್ದ ಮೂಟೆಗಳನ್ನು ಅವನು ಹೊನ್ನೆಮರಡಿನ ಹಿನ್ನೀರಿನ ನಡುವಿನ ನಡುಗಡ್ಡೆಯಲ್ಲಿ ಬಚ್ಚಿಡುತ್ತಿದ್ದ. ಮುಖವಾಡಕ್ಕೆ ಮಾತ್ರ ಬಸ್ಸಿಗೆ ಬಳಿದು ಉಳಿದ ಹಳದಿ ಪೇಂಟು. ಕಾಗದದ ಮೇಲೆ ಅದು ಒಣಗದೆ, ಅವನಿರುವ ಪುಟಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಮೆಲ್ಲಗೆ ಬಿಡಿಸಬೇಕು, ಚರ್ರ್ ಎಂದು ಸದ್ದಾಗಬೇಕು, ಆಮೇಲೆ ಅವನು ಕಾಣಬೇಕು. ಮೂರೂ ಊರಿನವರು ಉಸಿರು ಬಿಗಿಹಿಡಿದು ಬಿಡಿಸುತ್ತಿದ್ದರು.

ಈ ನಡುವೆ ನಮ್ಮ ಮನೆಯಲ್ಲಿ ಎರಡು ಸಂಗತಿ ನಡೆದವು. ರೇಡಿಯೊ ರಿಪೇರಿ ಕಲಿತು ಬಂದ ನನ್ನ ಅಣ್ಣನಿಗೆ ಅಂಗಡಿ ಇಡಿಸಬೇಕೆಂದು ಅಪ್ಪಯ್ಯ ಪೇಂಟರಣ್ಣನಿಗೆ ದೀಪಾವಳಿಯೊಳಗೆ ಮಳಿಗೆ ಬಿಡಲು ಹೇಳಿದರು. ಇನ್ನೊಂದು, ತೀರ್ಥಹಳ್ಳಿ ಕಡೆಯಿಂದ ನನಗೊಂದು ಸಂಬಂಧ ಬಂತು. ಅವರು ಬಂದು ನೋಡಿಕೊಂಡು ಹೋಗಿದ್ದರು. ಹುಡುಗ ನನ್ನ ಮುಖವನ್ನೇ ಬಹಳ ಹೊತ್ತು ನೋಡಿ ಏನೋ ನೆನಪು ಮಾಡಿಕೊಳ್ಳುತ್ತಿದ್ದ. ನನಗೂ ಅವನು ಹಿಡಿಸಿದ್ದ. ಹಿರಿಯರು ಮಾತ್ರ ತಿಂಗಳೊಪ್ಪತ್ತಿನಲ್ಲಿ ತಿಳಿಸುತ್ತೇವೆ ಎಂದಿದ್ದರು.

ಹೀಗಿರುವಾಗ ಆರನೇ ಸಂಚಿಕೆ ಬಂತು. ಅದರಲ್ಲಿ ಹಳದಿ ಮುಖವಾಡದವನ ಕೈಗೆ ಹಿತ್ತಾಳೆ ಹಿಡಿಯ ಊರುಗೋಲು ಬಂದಿತ್ತು. ಥೇಟು ಅಪ್ಪಯ್ಯನ ಕೋಲು. ಕಥೆ 'ಮುಂದಿನ ಸಂಚಿಕೆಯಲ್ಲಿ ಮುಖವಾಡ ಕಳಚುವುದು' ಎಂದು ನಿಂತಿತ್ತು. ಅಂಗಡಿ ಬಿಡಿಸುತ್ತಿರುವ ಯಜಮಾನನ ಮೇಲೆ ಪೇಂಟರಣ್ಣ ಹಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ಪೇಟೆಯವರೆಲ್ಲ ಒಂದೇ ದಿನದಲ್ಲಿ ತೀರ್ಪು ಕೊಟ್ಟುಬಿಟ್ಟರು. ಸಾಗರದಲ್ಲಿ ನಕ್ಕರೆ ನಕ್ಕುಕೊಳ್ಳಲಿ. ಆದರೆ ಆ ಪುಸ್ತಕ ತೀರ್ಥಹಳ್ಳಿಗೆ ಹೋಗುತ್ತದಲ್ಲ! ಬೀಗರಾಗಬೇಕಾದವರ ಮುಂದೆ ಅಪ್ಪಯ್ಯ ಅಡಿಕೆ ಕಳ್ಳನಾಗಿ ನಿಲ್ಲಬೇಕಾಗುತ್ತದೆ.

ಅಪ್ಪಯ್ಯ ಚಿತ್ರಕಥೆ ಓದುವವರಲ್ಲ ಎಂದು ನಾನು ತಿಳಿದಿದ್ದೆ. ಗಡ್ಡವಿಲ್ಲದ ದಿನವೂ ಅವರು ಕ್ಷೌರದಂಗಡಿಗೆ ಹೋಗುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ಒಂದು ಮಧ್ಯಾಹ್ನ ಅವರು ಪೇಂಟರಣ್ಣನ ಅಂಗಡಿಗೆ ಹೋಗಿ ನಿಂತರು. ಅವರಿಬ್ಬರ ಮಾತು ನಮ್ಮ ಕಿಟಕಿಗೆ ಚೆನ್ನಾಗಿ ಕೇಳುತ್ತಿತ್ತು.

"ಆ ಮುಖವಾಡದೊಳಗೆ ಯಾರಿದಾನೆ?" ಅಪ್ಪಯ್ಯ ಕೇಳಿದರು.

"ನಂಗಿನ್ನೂ ಗೊತ್ತಾಗಿಲ್ಲ ಗೌಡ್ರೆ."

"ಮುಖವಾಡ ತೆಗೀಲೇಬೇಕಾ? ಹಂಗೇ ನೀರಿಗೆ ಬಿದ್ದು ಸತ್ತ ಅಂತ ಮಾಡು. ಮಳಿಗೆ ನೀನೇ ಇಟ್ಕೊ."

ಪೇಂಟರಣ್ಣ ಬ್ರಷ್ಷು ಕೆಳಗಿಟ್ಟರು. "ಮಳಿಗೆ ನಿಮ್ದು ಗೌಡ್ರೆ, ಬಿಡು ಅಂದ್ರೆ ಬಿಡ್ತೀನಿ. ಮಗನಿಗೆ ಅಲ್ವಾ, ನಾನೂ ಹಂಗೇ ಮಾಡ್ತಿದ್ದೆ. ಆದ್ರೆ ಮೂರೂರಿನ ಜನ ಕಾಯ್ತಿದಾರೆ. ಮುಖವಾಡ ತೆಗೀದಿದ್ರೆ ಆಗಲ್ಲ."

ಅಪ್ಪಯ್ಯ ಆ ದಿನ ಊಟ ಮಾಡಲಿಲ್ಲ. ನನಗೆ ಏನು ತೋಚಿತೋ, ಮರುದಿನ ಆರನೇ ಸಂಚಿಕೆ ಹೊಸನಗರದ ಬಸ್ಸಿಗೆ ಹೋಗುವ ಮೊದಲು ಅದನ್ನು ನೋಡುವ ನೆಪದಲ್ಲಿ ತೆಗೆದುಕೊಂಡು, ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಬರೆದೆ: 'ಮುಖವಾಡದೊಳಗೆ ಇರುವುದು ಕಂಡಕ್ಟರು.' ಪೇಂಟರಣ್ಣ ಜಗತ್ತಿನಲ್ಲಿ ಕ್ಷಮಿಸದ ಒಂದೇ ಪಾಪ! ಅದನ್ನೇ ಮಾಡಿದೆ. ಅಪ್ಪಯ್ಯನ ಕಡೆ ನೋಡುವವರು ಬೇರೆಲ್ಲಾದರೂ ನೋಡಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಜನ ತಕ್ಷಣ ನಂಬಿದರು. ಮೂರೂ ಊರಿಗೆ ಹೋಗಿಬರುವವನು ಅವನೊಬ್ಬನೇ ತಾನೆ? ಬಸ್ಸು ಹತ್ತಿದವರೆಲ್ಲ, "ಮೂಟೆ ಟಾಪಿನ ಮೇಲಿದೆಯಾ, ಸೀಟಿನಡಿಗೆ ಇದೆಯಾ?" ಎಂದು ಕೇಳತೊಡಗಿದರು. ಕೋಣಂದೂರಿನಲ್ಲಿ ಒಬ್ಬ ಮುದುಕಿಯಂತೂ ತನ್ನ ಎಲೆಯಡಿಕೆ ಸಂಚಿಯನ್ನು ಅವನಿಂದ ಬಚ್ಚಿಟ್ಟುಕೊಂಡಳಂತೆ. ಎರಡು ವಾರ ಕಳೆದು ಅವನು ಕೆಂಪು ಮುಖ ಮಾಡಿಕೊಂಡು ಬಂದು ಪುಸ್ತಕವನ್ನು ಪೇಂಟರಣ್ಣನ ಬೆಂಚಿನ ಮೇಲೆ ಎಸೆದ. ನಾನೂ ಅಲ್ಲೇ ಇದ್ದೆ.

"ಇಷ್ಟು ದಿನ ಪ್ರಸಾದ ತಂದಂಗೆ ತಂದಿದೀನಿ. ನನ್ನನ್ನೇ ಕಳ್ಳ ಮಾಡಿದ್ರಲ್ಲ! ಇನ್ನು ಮುಂದೆ ನಿಮ್ಮ ಪುಸ್ತಕ ನನ್ನ ಬಸ್ಸಿಗೆ ಬ್ಯಾಡ."

ಪೇಂಟರಣ್ಣ ಮೊದಲ ಪುಟ ತೆರೆದು ನೋಡಿದರು. ಜೀವನಪೂರ್ತಿ ಅಕ್ಷರ ಬರೆದವರಿಗೆ ಯಾರ ಕೈ ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಅವನಿಗೆ, "ನನ್ನ ಅಂಗಡೀಲಿ ಆಗಿದ್ದು, ನಂದೇ ತಪ್ಪು ಮಾರಾಯ. ಇನ್ನೊಂದೇ ಒಂದು ಸಂಚಿಕೆ ತಗಂಡ್ ಹೋಗು. ಅದ್ರಲ್ಲಿ ಎಲ್ಲ ಸರಿಯಾಗುತ್ತೆ," ಎಂದರು. ಅವನು ಗೊಣಗುತ್ತ ಹೋದ.

ಅವರು ರಬ್ಬರು ಹುಡುಕಿ ಉಜ್ಜತೊಡಗಿದರು. "ಒತ್ತಿ ಬರ್ದಿದೀಯ ತಂಗಿ. ಅಳಿಸಿದ್ರೂ ಗುರುತು ಉಳಿಯುತ್ತೆ."

ನನಗೆ ಅಳು ಬಂತು. ಅವರು ಗಾಬರಿಯಾಗಿ ಕೈಗೆ ಸಿಕ್ಕ ಬಟ್ಟೆ ಕೊಟ್ಟರು. ಅದು ಬ್ರಷ್ ಒರೆಸುವ ಟರ್ಪೆಂಟೈನ್ ಬಟ್ಟೆ. ಕಣ್ಣು ಉರಿದು ಇನ್ನೂ ಜೋರಾಗಿ ಅತ್ತೆ. ಅಳುತ್ತಲೇ ಎಲ್ಲ ಹೇಳಿದೆ. ಅಪ್ಪಯ್ಯ ಉಣ್ಣದ್ದು, ತೀರ್ಥಹಳ್ಳಿಯವರ ಉತ್ತರ ಬರಬೇಕಾದ್ದು.

"ನಿಮ್ಮಪ್ಪನ ಮುಖ ಹಾಕ್ತೀನಿ ಅಂತ ನಾನು ಯಾವತ್ತು ಹೇಳ್ದೆ?"

"ಅವ್ರ ಕೋಲು ಬರ್ದಿದೀರಲ್ಲ!"

"ಕೋಲು ಚೆನಾಗಿತ್ತು, ಬರ್ದೆ." ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಊರೆಲ್ಲ ಕಂಡ ಹಗೆ ಅವರ ತಲೆಗೇ ಬಂದಿರಲಿಲ್ಲ. ಹಳದಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ಕಷ್ಟ ಅಲ್ವಾ? ಬರೆಯೋಕೆ ನೋಡಿದ ಮುಖವೇ ಬೇಕು. ನೋಡಿದ ಮುಖ ಹಾಕಿದ್ರೆ ಆ ಮನೇಲಿ ಯಾರೋ ಉಣ್ಣಲ್ಲ."

ಮರುದಿನ ಅವರು ಕ್ಷೌರದಂಗಡಿಯಿಂದ ಕನ್ನಡಿ ಕೇಳಿ ತಂದು ಬಾಗಿಲು ಹಾಕಿಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ. ಮಿಸ್ ವಜ್ರಳಿಗೂ ಅದರ ಅರ್ಥ ಹೊಳೆಯಲಿಲ್ಲ.

ಏಳನೇ ಸಂಚಿಕೆ ತೆರೆದ ದಿನ ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪಯ್ಯ ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಹಿನ್ನೀರಿನಲ್ಲಿ ತೆಪ್ಪದ ಕಾಳಗ. ಕರಿಮುಸುಕು ಹಾರಿದ. ನಾಗಭೂಷಣ ಕೊನೆಗೂ ಎದ್ದು ಓಡಿದ, ಸಾಗರದವರು ಶಿಳ್ಳೆ ಹಾಕಿದರು. ಮಿಸ್ ವಜ್ರ ಕಳ್ಳನ ಕುತ್ತಿಗೆಪಟ್ಟಿ ಹಿಡಿದಳು. ಕೊನೆಯ ಎರಡು ಪುಟ ಅಂಟಿಕೊಂಡಿದ್ದವು. ಚರ್ರ್ ಎಂದಿತು.

ಕುತ್ತಿಗೆಪಟ್ಟಿ ಇನ್ನೂ ಮಿಸ್ ವಜ್ರಳ ಹಿಡಿತದಲ್ಲಿ, ಕೈಗೆ ಬೇಡಿ, ಬಾಯ್ತುಂಬ ನಗು, ಕಿವಿಯ ಮೇಲೊಂದು ಬ್ರಷ್ಷು. ಪೇಂಟರಣ್ಣ! ಪುಟ ಬಿಡಿಸುವಾಗ ಮುಖವಾಡದ ಹಳದಿ ಸ್ವಲ್ಪ ಕೆನ್ನೆಗೆ ಹತ್ತಿಕೊಂಡು ಥೇಟು ಅವರೇ ಆಗಿದ್ದರು. ಕೆಳಗೆ ಒಂದು ಮಾತು: 'ಆರು ತಿಂಗಳು ಎಲ್ಲರ ಮೇಲೂ ಅನುಮಾನ ಪಟ್ಟಿರಿ. ಎದುರಿಗೇ ಕೂತು ಬರೆಯುತ್ತಿದ್ದವನನ್ನು ಬಿಟ್ಟಿರಿ.' ಅಂಗಡಿಯ ತಗಡು ಹಾರುವ ಹಾಗೆ ಜನ ನಕ್ಕರು. ಎಲ್ಲರಿಗಿಂತ ಕೊನೆಯಲ್ಲಿ, ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪಯ್ಯ. ಕಂಡಕ್ಟರು ಮರುದಿನ ತಾನಾಗಿಯೇ ಬಂದು ಪುಸ್ತಕ ಚೀಲಕ್ಕೆ ಹಾಕಿಕೊಂಡ.

ಅಪ್ಪಯ್ಯ ಮಳಿಗೆಯ ವಿಚಾರ ಮತ್ತೆ ಎತ್ತಲಿಲ್ಲ. ಅಣ್ಣನ ರೇಡಿಯೊಗಳು ನಮ್ಮ ಜಗಲಿಗೆ ಬಂದವು. ಬೋರ್ಡು ಬರೆದುಕೊಟ್ಟವರು ಪೇಂಟರಣ್ಣ. ತೀರ್ಥಹಳ್ಳಿಯಿಂದ ಹೂಂ ಎಂಬ ಉತ್ತರ ಬಂತು. ಅದೇ ವಾರ ಅಲ್ಲಿಂದ ಹಿಂತಿರುಗಿದ ಏಳನೇ ಸಂಚಿಕೆಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ತೆಳ್ಳಗೆ ಬರೆದಿದ್ದರು: 'ಮಿಸ್ ವಜ್ರ ಮದುವೆಯಾದ ಮೇಲೂ ಕೆಲಸ ಬಿಡಬಾರದು.' ಅದು ಯಾರ ಅಕ್ಷರ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಹೆಣ್ಣು ನೋಡಲು ಬಂದ ದಿನ ಪಿಸ್ತೂಲು ಎಲ್ಲಿ ಎಂದು ಕೇಳಬೇಕೆನಿಸಿತ್ತಂತೆ, ಧೈರ್ಯ ಬರಲಿಲ್ಲವಂತೆ. ಪೇಂಟರಣ್ಣ ನನ್ನ ಮದುವೆಗೆ ಉಡುಗೊರೆಯಾಗಿ ಕೊಟ್ಟದ್ದು ಅದೇ ಸಂಚಿಕೆ. "ಇದ್ರಲ್ಲೊಂದು ಪೆನ್ಸಿಲ್ ಅಕ್ಷರ ಇದೆ. ಅದನ್ನ ನಾನು ಕ್ಷಮಿಸಿದೀನಿ. ನಿಂದೂ ಅದ್ರ ಜೊತೆಗೆ ವಜಾ," ಎಂದರು.

ಉಳಿದ ಆರು ಸಂಚಿಕೆಗಳು ಮೂರು ಊರಿನ ಕೈಗಳಲ್ಲಿ ಸವೆದು ಹೋದವು. ಪೇಂಟರಣ್ಣ ಇನ್ನೂ ಹತ್ತು ವರ್ಷ ಅದೇ ಮಳಿಗೆಯಲ್ಲಿ ಕೂತು ಊರಿನ ಹೆಸರು ಬರೆದರು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತ ಕೂತಲ್ಲೇ ಹೋದರು. ತೀರ್ಥಹಳ್ಳಿಯ ನಮ್ಮ ಮನೆಗೆ ಸುದ್ದಿ ತಂದವನು ಆ ಹಳೆಯ ಕಂಡಕ್ಟರೇ. ಜೊತೆಗೆ ಪೇಂಟರಣ್ಣನ ಹೆಂಡತಿ ಹೇಳಿಕಳಿಸಿದ ಮಾತೊಂದಿತ್ತು. ತಿಥಿಗೆ ಇಡಲು ಒಂದು ಫೋಟೊ ಇಲ್ಲ. ಯಾರಾದರೂ ಕ್ಯಾಮೆರಾ ಹಿಡಿದರೆ ಅವರು, ನೀನು ನಿಲ್ಲು, ನಾನೇ ನಿನ್ನನ್ನು ಬರೀತೀನಿ ಎನ್ನುತ್ತಿದ್ದರಂತೆ. ಸ್ವಂತ ಮದುವೆಯ ಫೋಟೊದಲ್ಲೂ ಅವರಿಲ್ಲ. ಚಪ್ಪರದ ಬೋರ್ಡು ಓರೆಯಾಗಿದೆ ಎಂದು ಸರಿಮಾಡಲು ಹೋಗಿದ್ದರಂತೆ.

ನಾನೂ ನನ್ನ ಯಜಮಾನರೂ ಏಳನೇ ಸಂಚಿಕೆಯನ್ನು ಎದೆಗವಚಿಕೊಂಡು ಅದೇ ಬಸ್ಸಿನಲ್ಲಿ ಸಾಗರಕ್ಕೆ ಹೋದೆವು. ಆ ಮೂರೂ ಊರಿನಲ್ಲಿ ಅವರ ಮುಖ ಇದ್ದದ್ದು ಆ ಒಂದು ಹಾಳೆಯ ಮೇಲೆ. ಫೋಟೊಗಳಿಗೆ ಕಟ್ಟು ಹಾಕುವವನು ಬೇಡಿ, ಪಿಸ್ತೂಲು ಕಂಡು ಗಾಬರಿಯಾಗಿ, ಮುಖವನ್ನಷ್ಟೇ ಕತ್ತರಿಸಿ ಕೊಡಲೇ ಎಂದು ಕೇಳಿದ. ಕೆನ್ನೆಯ ಹಳದಿಯನ್ನು ಕೆರೆದು ತೆಗೆಯುತ್ತೇನೆ ಎಂದೂ ಹೇಳಿದ.

"ಬ್ಯಾಡ," ಎಂದರು ಅವರ ಹೆಂಡತಿ. "ಬಣ್ಣ ತೆಗೆದ್ರೆ ನಂಗೇ ಗುರ್ತು ಸಿಗಲ್ಲ."

ತಿಥಿಯ ದಿನ ಅಡಿಕೆ ಕಳ್ಳನಿಗೆ ಸೇವಂತಿಗೆ ಹಾರ ಹಾಕಿ ಗೋಡೆಗಾನಿಸಿ ಇಟ್ಟರು. ಬಂದವರು ಅಳಲು ಬಾಯಿ ತೆರೆದು, ಚಿತ್ರ ನೋಡಿ, ನಕ್ಕು, ಆಮೇಲೆ ಅತ್ತರು. ಹಾರವನ್ನು ಅವರ ಕೊರಳಿಗೆ ಮಾತ್ರ ಬರುವ ಹಾಗೆ ಎಷ್ಟು ಸರಿಸಿದರೂ ಅದು ಚಿತ್ರದಲ್ಲಿ ಅವರ ಕುತ್ತಿಗೆಪಟ್ಟಿ ಹಿಡಿದ ನನ್ನ ಕೈಯ ಮೇಲೂ ಬೀಳುತ್ತಿತ್ತು. ನಾನು ನಾಚಿಕೆಯಿಲ್ಲದೆ ಅತ್ತೆ. ಈ ಸಲ ಕಣ್ಣೊರೆಸಲು ಟರ್ಪೆಂಟೈನ್ ಬಟ್ಟೆ ಕೊಡುವವರು ಇರಲಿಲ್ಲ.

ಚಿತ್ರದ ಕೆಳಗೆ ಹೆಸರು ಬರೆಸುವುದು ವಾಡಿಕೆ. ಕಂಡಕ್ಟರು ಹೊಸ ಪೇಂಟರನೊಬ್ಬನನ್ನು ಕರೆದುಕೊಂಡು ಬಂದಿದ್ದ. ಅವನು ಬ್ರಷ್ಷು ಅದ್ದಿ ಏನು ಬರೆಯಲಿ ಎಂದು ಕೇಳಿದ. ಅವರ ಹೆಂಡತಿ ಚಿತ್ರವನ್ನೊಮ್ಮೆ ನೋಡಿ, ಸೆರಗಿನಿಂದ ಗಾಜು ಒರೆಸಿದರು.

"ಏನೂ ಬ್ಯಾಡ ಮಾರಾಯ. ಕೈ ತೊಳ್ಕಂಡು ಊಟಕ್ಕೆ ಕೂತ್ಕೊ," ಎಂದರು. "ಸಾಗರದಿಂದ ತೀರ್ಥಹಳ್ಳಿ ತನಕ ಈ ಕಳ್ಳ ಯಾರಂತ ಎಲ್ರಿಗೂ ಗೊತ್ತು."